ಪರೀಕ್ಷೆಗೆ ಮಾತ್ರ ಶುದ್ಧ

2014ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿ ಎಂಬಲ್ಲಿನ ಪ್ರಯೋಗಾಲಯದಲ್ಲಿ ಹತ್ತು ಕೋತಿಗಳನ್ನು ಗಾಳಿಯಾಡದ ಪೆಟ್ಟಿಗೆಗಳಲ್ಲಿ ಕೂರಿಸಿ ಅವುಗಳಿಗೆ ಕಾರಿನ ಹೊಗೆ ಕುಡಿಸಲಾಯಿತು. ಗಲಾಟೆ ಮಾಡದೆ ಕೂತಿರಲಿ ಎಂದು ಅವುಗಳ ಎದುರು ಕಾರ್ಟೂನ್ ಹಾಕಿದ್ದರು. ಹೊಗೆ ಬಿಡುತ್ತಿದ್ದುದು ಫೋಕ್ಸ್‌ವ್ಯಾಗನ್ ಕಂಪನಿಯ ಬೀಟಲ್ ಡೀಸೆಲ್ ಕಾರು. ರೋಲರ್‌ಗಳ ಮೇಲೆ ಅದರ ಚಕ್ರ ತಿರುಗುತ್ತಿತ್ತು, ಕಾರು ಮಾತ್ರ ಇದ್ದಲ್ಲೇ ಇತ್ತು. ಹೋಲಿಸಿ ನೋಡಲು 1999ರ ಹಳೆಯ ಫೋರ್ಡ್ ಪಿಕಪ್ ಗಾಡಿಯೊಂದನ್ನೂ ತಂದಿದ್ದರು.

ಈ ಪ್ರಯೋಗಕ್ಕೆ ದುಡ್ಡು ಹಾಕಿದ್ದು ಫೋಕ್ಸ್‌ವ್ಯಾಗನ್, ಡೈಮ್ಲರ್ ಮತ್ತು ಬಿಎಂಡಬ್ಲ್ಯು ಕಂಪನಿಗಳ ಹಣದಿಂದ ನಡೆಯುತ್ತಿದ್ದ ‘ಇಯುಜಿಟಿ’ ಎಂಬ ಸಂಶೋಧನಾ ಕೂಟ. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2012ರ ಜೂನ್‌ನಲ್ಲಿ ಸಾರಿಬಿಟ್ಟಿತ್ತು. ಅದು ಹಳೆಯ ಡೀಸೆಲ್ ಮಾತು, ಹೊಸ ಡೀಸೆಲ್ ನಿರುಪದ್ರವಿ ಎಂದು ತೋರಿಸುವ ಆತುರ ಕಂಪನಿಗಳಿಗೆ ಇತ್ತು.

ಪ್ರಯೋಗ ಮಾಡಿದ ವಿಜ್ಞಾನಿಗಳಿಗೆ ಒಂದು ಸಂಗತಿ ಗೊತ್ತಿರಲಿಲ್ಲ. ಎದುರಿಗಿದ್ದ ಬೀಟಲ್‌ಗೆ ತಾನು ರಸ್ತೆಯ ಮೇಲಿಲ್ಲ, ರೋಲರ್ ಮೇಲಿದ್ದೇನೆ ಎಂಬುದು ಗೊತ್ತಾಗುತ್ತಿತ್ತು! ಆ ಅರಿವಿನಿಂದಲೇ ಅದು ಹೊಗೆಯನ್ನು ತಗ್ಗಿಸಿಕೊಂಡಿತ್ತು. ಕೋತಿಗಳು ಉಸಿರಾಡಿದ್ದು ಪರೀಕ್ಷೆಗೆಂದು ಶುದ್ಧಗೊಳಿಸಿದ ಹೊಗೆ. ಅದೇ ಮಾದರಿಯ ಕಾರು ಬೀದಿಯಲ್ಲಿ ಹೋಗುವಾಗ ಜನ ಉಸಿರಾಡುತ್ತಿದ್ದುದು ಬೇರೆಯದೇ ಹೊಗೆ. 2018ರ ಜನವರಿಯಲ್ಲಿ ಇದು ಬಯಲಾದಾಗ ಫೋಕ್ಸ್‌ವ್ಯಾಗನ್ ಕ್ಷಮೆ ಕೇಳಿತು. ಇಯುಜಿಟಿ ಅಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತ್ತು.

‘ಡೀಸೆಲ್‌ಗೇಟ್’ ಎಂದು ಜಗತ್ತು ಕರೆದ ಹಗರಣದ ಸಾರವೆಲ್ಲ ಈ ಪ್ರಸಂಗದಲ್ಲಿದೆ. ಮಾಲಿನ್ಯವನ್ನು ಎಲ್ಲಿ ನಿಂತು ಅಳೆಯುತ್ತೇವೆ ಎಂಬುದನ್ನು ಅಳೆಸಿಕೊಳ್ಳುವವರೇ ಮೊದಲು ತಿಳಿದುಕೊಂಡರೆ ಅಳತೆಗೆ ಬೆಲೆಯಿಲ್ಲ. ಆ ಕಾರಿನ ಲೆಕ್ಕವನ್ನು ಕೋರ್ಟು ಕಚೇರಿಗಳು ಬಹುಪಾಲು ಚುಕ್ತಾ ಮಾಡಿವೆ. ಅಳತೆಯ ಪ್ರಶ್ನೆ ಮಾತ್ರ ಇನ್ನೂ ಹಾಗೇ ಇದೆ, ನಮ್ಮ ಪೆಟ್ರೋಲ್ ಬಂಕುಗಳ ಪಕ್ಕದ ಹೊಗೆ ತಪಾಸಣೆ ವ್ಯಾನಿನೊಳಗೂ ಇದೆ.

ಹಿಂಬದಿಗೊಂದು ಜನರೇಟರ್

ಕಳ್ಳನನ್ನು ಹಿಡಿಯಬೇಕೆಂದು ಹೊರಟವರು ಈ ಕಥೆಯಲ್ಲಿ ಯಾರೂ ಇಲ್ಲ. ಐಸಿಸಿಟಿ ಎಂಬ ಸ್ವತಂತ್ರ ಸಂಸ್ಥೆಯ ತಜ್ಞರಿಗೆ ಯುರೋಪಿನ ಡೀಸೆಲ್ ಕಾರುಗಳ ಬಗ್ಗೆ ಚಿಂತೆಯಿತ್ತು. ಪ್ರಯೋಗಾಲಯದಲ್ಲಿ ಪಾಸಾಗುವ ಕಾರುಗಳು ರಸ್ತೆಯಲ್ಲಿ ಹೆಚ್ಚು ಮಾಲಿನ್ಯ ಉಗುಳುತ್ತಿದ್ದವು. ಅಮೆರಿಕದ ನಿಯಮ ಯುರೋಪಿನದಕ್ಕಿಂತ ಬಿಗಿ. ಅಲ್ಲಿ ಮಾರಾಟವಾಗುವ ಅದೇ ಕಂಪನಿಗಳ ಕಾರುಗಳು ರಸ್ತೆಯಲ್ಲೂ ಚೊಕ್ಕವಾಗಿವೆ ಎಂದು ತೋರಿಸಿಕೊಟ್ಟರೆ, ‘ಅಲ್ಲಿ ಆಗುವುದು ಇಲ್ಲೇಕೆ ಆಗದು’ ಎಂದು ಯುರೋಪಿನಲ್ಲಿ ಕೇಳಬಹುದು ಎಂಬುದು ಅವರ ಎಣಿಕೆ.

ಕೆಲಸ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಪಾಲಿಗೆ ಬಂತು. ಡಾನ್ ಕಾರ್ಡರ್ ಮುಂದಾಳು. ಓಡಾಡಿ ಅಳೆದವರಲ್ಲಿ ಮೂವರು ಯುವಕರು ಪ್ರಮುಖರು: ಸ್ವಿಟ್ಜರ್ಲೆಂಡಿನ ಮಾರ್ಕ್ ಬೆಶ್, ತಮಿಳುನಾಡಿನ ಅರವಿಂದ್ ತಿರುವೆಂಗಡಂ ಮತ್ತು ನಮ್ಮ ಬೆಂಗಳೂರಿನ ಹೇಮಂತ್ ಕಪ್ಪಣ್ಣ. ವಾಹನದ ಮೇಲೆಯೇ ಹೊತ್ತೊಯ್ದು ಹೊಗೆ ಅಳೆಯುವ ಉಪಕರಣ ಈ ವಿಶ್ವವಿದ್ಯಾಲಯಕ್ಕೆ ಹೊಸದೇನಲ್ಲ. 1998ರಲ್ಲಿ ಕ್ಯಾಟರ್‌ಪಿಲ್ಲರ್, ಕಮಿನ್ಸ್, ವೋಲ್ವೊ ಸೇರಿ ಏಳು ಲಾರಿ ಎಂಜಿನ್ ತಯಾರಕರು ಇಂಥದೇ ಕೈಚಳಕ ಮಾಡಿ ಸಿಕ್ಕಿಬಿದ್ದು ಅಮೆರಿಕ ಸರ್ಕಾರದ ಜೊತೆ ರಾಜಿ ಮಾಡಿಕೊಂಡಿದ್ದರು. ಅವರ ಎಂಜಿನ್‌ಗಳನ್ನು ರಸ್ತೆಯಲ್ಲೇ ಅಳೆಯಬೇಕಾಗಿ ಬಂದಾಗ ಇಲ್ಲಿನವರು ಆ ವಿದ್ಯೆಯನ್ನು ಬೆಳೆಸಿದ್ದರು.

2013ರಲ್ಲಿ ಕ್ಯಾಲಿಫೋರ್ನಿಯಾದ ರಸ್ತೆಗಿಳಿದ ಕಾರುಗಳು ಮೂರು. ಫೋಕ್ಸ್‌ವ್ಯಾಗನ್ ಜೆಟ್ಟಾ, ಅದೇ ಕಂಪನಿಯ ಪಸಾಟ್, ಜೊತೆಗೊಂದು ಬಿಎಂಡಬ್ಲ್ಯು ಎಕ್ಸ್5. ಸೈಲೆನ್ಸರ್ ಬಾಯಿಗೆ ಕೊಳವೆ ಸಿಕ್ಕಿಸಿ, ಅದನ್ನು ಡಿಕ್ಕಿಯಲ್ಲಿಟ್ಟ ಅಳತೆಯ ಯಂತ್ರಕ್ಕೆ ಜೋಡಿಸಿದರು. ಯಂತ್ರಕ್ಕೆ ಕಾರಿನ ಬ್ಯಾಟರಿಯಿಂದ ವಿದ್ಯುತ್ ಎಳೆದರೆ ಎಂಜಿನ್ ಮೇಲೆ ಭಾರ ಬಿದ್ದು ಲೆಕ್ಕ ತಪ್ಪುತ್ತದೆ. ಅದಕ್ಕೆಂದು ಅಂಗಡಿಯಲ್ಲಿ ಸಿಗುವ ಸಣ್ಣ ಜನರೇಟರ್ ತಂದು ಕಾರಿನ ಹಿಂಬದಿಗೆ ಬೋಲ್ಟ್ ಹಾಕಿ ಬಿಗಿದರು. ಕಿವಿ ಕಿವುಡಾಗುವ ಸದ್ದು. ಕುಲುಕಾಟಕ್ಕೆ ಜನರೇಟರ್‌ಗಳು ಕೈಕೊಡುತ್ತಿದ್ದವು. ಅವನ್ನು ರಿಪೇರಿ ಮಾಡುತ್ತ, ಬದಲಿಸುತ್ತ ಪಸಾಟ್ ಕಾರನ್ನು ಲಾಸ್ ಏಂಜಲೀಸಿನಿಂದ ಸಿಯಾಟಲ್‌ವರೆಗೆ ಓಡಿಸಿ ವಾಪಸ್ ತಂದರು. ಒಟ್ಟು ಸುಮಾರು 4,000 ಕಿ.ಮೀ.

ಬಿಎಂಡಬ್ಲ್ಯು ಹೆಚ್ಚಿನ ಹಾದಿಗಳಲ್ಲಿ ಮಿತಿಯೊಳಗೇ ಉಳಿಯಿತು. ಸಾರಜನಕದ ಆಕ್ಸೈಡುಗಳ, ಅಂದರೆ ಎಂಜಿನಿಯರುಗಳು ‘ನಾಕ್ಸ್’ ಎನ್ನುವ ಅನಿಲಗಳ ಪ್ರಮಾಣ ಪಸಾಟ್‌ನಲ್ಲಿ ಮಿತಿಯ 5ರಿಂದ 20 ಪಟ್ಟು ಬಂತು. ಜೆಟ್ಟಾದಲ್ಲಿ 15ರಿಂದ 35 ಪಟ್ಟು! ಇವೇ ಕಾರುಗಳನ್ನು ಕ್ಯಾಲಿಫೋರ್ನಿಯಾ ವಾಯು ಸಂಪನ್ಮೂಲ ಮಂಡಳಿಯ ಪ್ರಯೋಗಾಲಯದ ರೋಲರ್ ಮೇಲೆ ಏರಿಸಿದರೆ ಎಲ್ಲ ಸರಿಯಾಗಿತ್ತು. ಉಪಕರಣವೇ ಕೆಟ್ಟಿರಬೇಕು ಎಂಬ ಶಂಕೆಯಿಂದ ಮತ್ತೆ ಮತ್ತೆ ತಾಳೆ ನೋಡಿದರು. ಉಪಕರಣ ನೆಟ್ಟಗಿತ್ತು. 2014ರ ಮೇ ತಿಂಗಳಲ್ಲಿ ವರದಿ ಪ್ರಕಟವಾಯಿತು. ಅದರಲ್ಲಿ ಕಂಪನಿಗಳ ಹೆಸರಿರಲಿಲ್ಲ, ‘ವಾಹನ ಎ’, ‘ವಾಹನ ಬಿ’ ಎಂದಷ್ಟೇ ಇತ್ತು.

ಹೇಮಂತ್ ಮುಂದೆ ಜನರಲ್ ಮೋಟಾರ್ಸ್ ಸೇರಿದರು. 2019ರ ಆರಂಭದಲ್ಲಿ ಆ ಕಂಪನಿ ಸಾವಿರಾರು ಮಂದಿಯನ್ನು ಕೆಲಸದಿಂದ ತೆಗೆದಾಗ ಅವರ ಕೆಲಸವೂ ಹೋಯಿತು. ಇದಕ್ಕೂ ಮಾಲಿನ್ಯದ ವಿಷಯಕ್ಕೂ ಸಂಬಂಧವಿಲ್ಲ ಎಂದಿತು ಕಂಪನಿ.

ಸ್ಟೇರಿಂಗ್ ತಿರುಗಲಿಲ್ಲ ಎಂದರೆ...

ಫೋಕ್ಸ್‌ವ್ಯಾಗನ್‌ನಂಥ ದೊಡ್ಡ ಕಂಪನಿಗೆ ಇಂಥ ಕಳ್ಳಾಟ ಯಾಕೆ ಬೇಕಾಯಿತು? ಉತ್ತರ ಎಂಜಿನ್ನಿನ ಹೊಟ್ಟೆಯಲ್ಲೇ ಇದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸಲು ಸ್ಪಾರ್ಕ್ ಪ್ಲಗ್ ಬೇಕು. ಡೀಸೆಲ್‌ಗೆ ಬೇಡ. ಗಾಳಿಯನ್ನು ಬಲವಾಗಿ ಅದುಮಿ ಕಾಯಿಸಿ, ಅದರೊಳಗೆ ಇಂಧನ ಸಿಂಪಡಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಮೈಲೇಜು, ಎಳೆತದ ಬಲ ಎರಡೂ ಜಾಸ್ತಿ. ಆದರೆ ಆ ಕಾವಿನಲ್ಲಿ ಗಾಳಿಯಲ್ಲಿರುವ ಸಾರಜನಕವೇ ಆಮ್ಲಜನಕದೊಡನೆ ಸೇರಿ ನಾಕ್ಸ್ ಆಗುತ್ತದೆ. ಕಾವು ತಗ್ಗಿಸಲು ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ಊಡಿಸಿದರೆ ನಾಕ್ಸ್ ಇಳಿಯುತ್ತದೆ, ಮಸಿ ಏರುತ್ತದೆ. ಮಸಿ ಹೆಚ್ಚಿದರೆ ಅದನ್ನು ಹಿಡಿಯುವ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ನಾಕ್ಸ್ ಅನ್ನು ಹೀರಿಕೊಳ್ಳುವ ಬಲೆಯನ್ನು ಅಳವಡಿಸಿದರೆ ಅದನ್ನು ತೊಳೆಯಲು ಆಗಾಗ ಹೆಚ್ಚುವರಿ ಡೀಸೆಲ್ ಸುಡಬೇಕು, ಮೈಲೇಜು ಬೀಳುತ್ತದೆ. ಯೂರಿಯಾ ದ್ರಾವಣ ಸಿಂಪಡಿಸಿ ನಾಕ್ಸ್ ಮುರಿಯಬಹುದು, ಅದಕ್ಕೆ ಬೇರೆ ಟ್ಯಾಂಕು, ಬೇರೆ ಖರ್ಚು, ಆಗಾಗ ತುಂಬಿಸುವ ತಾಪತ್ರಯ.

ಅಮೆರಿಕದಲ್ಲಿ ಒಂದು ಮೈಲಿಗೆ 0.07 ಗ್ರಾಂ ನಾಕ್ಸ್ ಮಾತ್ರ ಬಿಡಬಹುದಿತ್ತು. ಕಿಲೋಮೀಟರಿಗೆ ಲೆಕ್ಕ ಹಾಕಿದರೆ 0.04 ಗ್ರಾಂ ಆಸುಪಾಸು. ಮೈಲೇಜೂ ಇರಬೇಕು, ಪಿಕಪ್ಪೂ ಇರಬೇಕು, ಬೆಲೆಯೂ ಏರಬಾರದು, ಈ ಮಿತಿಯೂ ದಾಟಬಾರದು. 2006ರ ಹೊತ್ತಿಗೆ ಕಂಪನಿಯ ಎಂಜಿನಿಯರುಗಳಿಗೆ ಇದು ತಮ್ಮ ಕೈಲಾಗದ ಮಾತು ಎಂದು ಅರಿವಾಯಿತು. ಆಗದು ಎಂದು ಮೇಲಿನವರಿಗೆ ಹೇಳುವ ಬದಲು ಅವರು ಸಾಫ್ಟ್‌ವೇರಿನ ಮೊರೆ ಹೋದರು.

ಸರ್ಕಾರಿ ಪರೀಕ್ಷೆ ಎಂದರೆ ಗೊತ್ತಿರುವ ನಾಟಕ. ಎಷ್ಟನೇ ಸೆಕೆಂಡಿಗೆ ಎಷ್ಟು ವೇಗ, ಎಲ್ಲಿ ಬ್ರೇಕ್, ಎಲ್ಲಿ ನಿಲುಗಡೆ ಎಂಬುದೆಲ್ಲ ನಿಯಮದಲ್ಲೇ ಅಚ್ಚಾಗಿರುತ್ತದೆ. ಶಾಲೆಗೆ ಇನ್‌ಸ್ಪೆಕ್ಟರು ಬರುವ ದಿನ ಮೊದಲೇ ತಿಳಿದರೆ ಅಂದು ಎಲ್ಲ ಮಕ್ಕಳಿಗೂ ಸಮವಸ್ತ್ರ, ಗೋಡೆಗೆ ಸುಣ್ಣ, ಇದೂ ಹಾಗೆ. ಕಾರಿನ ಕಂಪ್ಯೂಟರ್ ನಾಲ್ಕಾರು ಸಂಗತಿ ಗಮನಿಸುತ್ತಿತ್ತು. ವೇಗ ಪರೀಕ್ಷೆಯ ನಕ್ಷೆಗೆ ಹೊಂದುತ್ತಿದೆಯೇ? ಎಂಜಿನ್ ಚಾಲೂ ಆಗಿ ಎಷ್ಟು ಹೊತ್ತಾಯಿತು? ಗಾಳಿಯ ಒತ್ತಡ ಎಷ್ಟು? ಮುಖ್ಯವಾಗಿ, ಚಕ್ರ ಓಡುತ್ತಿದ್ದರೂ ಸ್ಟೇರಿಂಗ್ ಅಲ್ಲಾಡುತ್ತಿಲ್ಲವೇ? ಹಾಗಿದ್ದರೆ ಇದು ರೋಲರ್. ಕೂಡಲೇ ಮಾಲಿನ್ಯ ತಡೆಯುವ ವ್ಯವಸ್ಥೆಯೆಲ್ಲ ಪೂರ್ಣ ಶಕ್ತಿಯಲ್ಲಿ ಕೆಲಸ ಶುರು ಮಾಡುತ್ತಿತ್ತು. ರಸ್ತೆಗೆ ಬಂದರೆ ಮತ್ತೆ ಹಳೇ ಚಾಳಿ.

ಅಮೆರಿಕದ ನ್ಯಾಯಾಲಯದಲ್ಲಿ ಕಂಪನಿಯೇ ಒಪ್ಪಿಕೊಂಡ ವಿವರಗಳಲ್ಲಿ ಒಂದು ಸಂಗತಿ ಮೋಸಕ್ಕಿಂತಲೂ ದೊಡ್ಡ ಮೋಸ. 2012ರ ಸುಮಾರಿಗೆ ಕೆಲವು ಗಿರಾಕಿಗಳ ಕಾರುಗಳಲ್ಲಿ ಫಿಲ್ಟರ್ ಮೊದಲಾದವು ಬೇಗ ಹಾಳಾಗತೊಡಗಿದವು. ಕಾರುಗಳು ರಸ್ತೆಯಲ್ಲೂ ಪರೀಕ್ಷೆಯ ಸ್ಥಿತಿಯಲ್ಲೇ ಓಡುತ್ತಿರಬೇಕು, ಅಂದರೆ ಶುದ್ಧವಾಗಿ ಓಡುತ್ತಿರುವುದೇ ಅವುಗಳ ಕಾಯಿಲೆ ಎಂದು ಎಂಜಿನಿಯರುಗಳು ಊಹಿಸಿದರು. ಅದಕ್ಕೆ ಮದ್ದಾಗಿ ಸ್ಟೇರಿಂಗ್ ತಿರುವನ್ನು ಇನ್ನೂ ಚೆನ್ನಾಗಿ ಗುರುತಿಸುವ ಹೊಸ ತುಣುಕನ್ನು ಸಾಫ್ಟ್‌ವೇರಿಗೆ ಸೇರಿಸಿದರು. ಸರ್ವಿಸ್‌ಗೆ ಬಂದ ಹಳೆಯ ಕಾರುಗಳಿಗೂ ಅದನ್ನು ಹಾಕಿ, ಕಾರು ಸುಧಾರಿಸಿದೆ ಎಂದು ಗಿರಾಕಿಗಳಿಗೆ ಹೇಳಿದರು.

ಇತ್ತ ಕಾರುಗಳಿಗೆ ‘ಕ್ಲೀನ್ ಡೀಸೆಲ್’ ಎಂಬ ಜಾಹೀರಾತು. 2009ರಲ್ಲಿ ಜೆಟ್ಟಾ, 2010ರಲ್ಲಿ ಅದೇ ಸಮೂಹದ ಔಡಿ ಎ3 ಅಮೆರಿಕದಲ್ಲಿ ‘ವರ್ಷದ ಹಸಿರು ಕಾರು’ ಪ್ರಶಸ್ತಿ ಗಿಟ್ಟಿಸಿದ್ದವು. ಹಗರಣದ ನಂತರ ಆ ಪ್ರಶಸ್ತಿಗಳನ್ನು ಹಿಂಪಡೆಯಲಾಯಿತು.

ಕೋಟಿ ಕಾರುಗಳ ತಪ್ಪೊಪ್ಪಿಗೆ

ವರದಿ ಬಂದ ಮೇಲೂ ಕಂಪನಿ ವರ್ಷಕ್ಕೂ ಹೆಚ್ಚು ಕಾಲ ಜಗ್ಗಾಡಿತು. ತಾಂತ್ರಿಕ ದೋಷವೆಂದಿತು, ನಿಮ್ಮ ಅಳತೆಯೇ ಸರಿಯಿಲ್ಲ ಎಂದಿತು. 2014ರ ಡಿಸೆಂಬರಿನಲ್ಲಿ ಸುಮಾರು ಐದು ಲಕ್ಷ ಕಾರುಗಳನ್ನು ವಾಪಸ್ ಕರೆಸಿ ಸಾಫ್ಟ್‌ವೇರ್ ಸರಿಪಡಿಸುವುದಾಗಿ ಹೇಳಿತು. ಕ್ಯಾಲಿಫೋರ್ನಿಯಾ ಮಂಡಳಿಯವರು ಮತ್ತೆ ರಸ್ತೆಗಿಳಿಸಿ ನೋಡಿದರೆ ನಾಕ್ಸ್ ಮಿತಿಗಿಂತ ಮೇಲೇ ಇತ್ತು. ಈ ಮಂಡಳಿ ಬಿಡುವ ಪೈಕಿಯಲ್ಲ. ಲಾಸ್ ಏಂಜಲೀಸಿನ ಹೊಗೆಮಂಜಿಗೆ ವಾಹನಗಳ ನಾಕ್ಸ್ ಮತ್ತು ಹೈಡ್ರೊಕಾರ್ಬನ್‌ಗಳ ಮೇಲೆ ಬಿಸಿಲು ಬೀಳುವುದೇ ಕಾರಣ ಎಂದು 1950ರ ದಶಕದಲ್ಲಿ ತೋರಿಸಿಕೊಟ್ಟ ಆರಿ ಹಾಗೆನ್-ಸ್ಮಿಟ್ ಅವರೇ ಇದರ ಮೊದಲ ಅಧ್ಯಕ್ಷರು. ಮಂಡಳಿಯ ಪ್ರಯೋಗಾಲಯಕ್ಕೂ ಆಗ ಅವರದೇ ಹೆಸರಿತ್ತು.

ವಿವರಣೆ ಸಿಗುವ ತನಕ 2016ರ ಮಾದರಿಗಳಿಗೆ ಪ್ರಮಾಣಪತ್ರ ಕೊಡುವುದಿಲ್ಲ ಎಂದು ಅಧಿಕಾರಿಗಳು ಪಟ್ಟು ಹಿಡಿದರು. ವ್ಯಾಪಾರಕ್ಕೇ ಕುತ್ತು ಬಂದಾಗ ಕಂಪನಿ ಬಾಯಿ ಬಿಟ್ಟಿತು. 2015ರ ಸೆಪ್ಟೆಂಬರ್ 18ರಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 4,82,000 ಕಾರುಗಳ ಬಗ್ಗೆ ನೋಟಿಸ್ ಹೊರಡಿಸಿತು. ಕೆಲವೇ ದಿನಗಳಲ್ಲಿ ಜಗತ್ತಿನಾದ್ಯಂತ 1.1 ಕೋಟಿ ಕಾರುಗಳಲ್ಲಿ ಈ ಸಾಫ್ಟ್‌ವೇರ್ ಇದೆ ಎಂದು ಕಂಪನಿ ಒಪ್ಪಿಕೊಂಡಿತು. 85 ಲಕ್ಷ ಯುರೋಪಿನಲ್ಲೇ ಇದ್ದವು. ಮುಖ್ಯಸ್ಥ ಮಾರ್ಟಿನ್ ವಿಂಟರ್‌ಕಾರ್ನ್ ಸೆಪ್ಟೆಂಬರ್ 23ರಂದು ರಾಜೀನಾಮೆ ಕೊಟ್ಟರು.

ಮುಂದಿನದು ದಂಡ, ಜೈಲುಗಳ ಪಟ್ಟಿ. 2016ರಲ್ಲಿ ಅಮೆರಿಕದಲ್ಲಿ 1,470 ಕೋಟಿ ಡಾಲರ್ ರಾಜಿ. 2017ರಲ್ಲಿ ತಪ್ಪೊಪ್ಪಿಕೊಂಡು ಇನ್ನೂ 430 ಕೋಟಿ ಡಾಲರ್. ಎಂಜಿನಿಯರ್ ಜೇಮ್ಸ್ ಲಿಯಾಂಗ್‌ಗೆ 40 ತಿಂಗಳು, ಅಧಿಕಾರಿ ಆಲಿವರ್ ಶ್ಮಿಟ್‌ಗೆ ಏಳು ವರ್ಷ ಸಜೆ. ಔಡಿಯ ಮಾಜಿ ಮುಖ್ಯಸ್ಥ ರೂಪರ್ಟ್ ಸ್ಟಾಡ್ಲರ್‌ಗೆ 2023ರಲ್ಲಿ ಅಮಾನತಿನಲ್ಲಿಟ್ಟ ಶಿಕ್ಷೆ ಮತ್ತು ದಂಡ. 2025ರ ಮೇ ತಿಂಗಳಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್ ನ್ಯಾಯಾಲಯ ಕಂಪನಿಯ ನಾಲ್ವರು ಮಾಜಿ ಅಧಿಕಾರಿಗಳನ್ನು ತಪ್ಪಿತಸ್ಥರೆಂದಿತು. ಎಂಜಿನ್ ನಿಯಂತ್ರಕ ಪೂರೈಸಿದ ಬಾಷ್ ಕಂಪನಿಗೂ 2019ರಲ್ಲಿ ಒಂಬತ್ತು ಕೋಟಿ ಯೂರೊ ದಂಡ ಬಿತ್ತು. ಆಡುಗೋಡಿಯ ‘ಮೈಕೊ’ ಮೂಲಕ ಬೆಂಗಳೂರಿಗರಿಗೆ ತಲೆಮಾರುಗಳಿಂದ ಪರಿಚಯವಿರುವ ಅದೇ ಬಾಷ್ ಸಮೂಹದ ಜರ್ಮನಿಯ ಮೂಲ ಕಂಪನಿ ಇದು.

ಫೋಕ್ಸ್‌ವ್ಯಾಗನ್ ಒಂದನ್ನೇ ಬೈದು ಸುಮ್ಮನಾಗುವಂತಿಲ್ಲ. ಡೈಮ್ಲರ್, ಫಿಯಟ್ ಕ್ರೈಸ್ಲರ್ ಕಂಪನಿಗಳೂ ಅಮೆರಿಕದಲ್ಲಿ ಭಾರಿ ಮೊತ್ತಕ್ಕೆ ರಾಜಿಯಾದವು. 1998ರ ಪಟ್ಟಿಯಲ್ಲೇ ಹೆಸರಿದ್ದ ಕಮಿನ್ಸ್, ರ‍್ಯಾಮ್ ಪಿಕಪ್‌ಗಳ ಎಂಜಿನ್ ವಿಷಯದಲ್ಲಿ 2023ರ ಕೊನೆಯಲ್ಲಿ 167.5 ಕೋಟಿ ಡಾಲರ್ ದಂಡಕ್ಕೆ ಒಪ್ಪಿಕೊಂಡಿತು. ಕಾಲು ಶತಮಾನದಲ್ಲಿ ಕಲಿತ ಪಾಠ ಇಷ್ಟೇ!

ಶ್ವಾಸಕೋಶದ ಲೆಕ್ಕ

ಹಿಂದೆಲ್ಲ ಡೀಸೆಲ್ ಗಾಡಿಯ ಹೊಗೆ ಕಣ್ಣಿಗೆ ಕಾಣುತ್ತಿತ್ತು. ಕಪ್ಪು ಹೊಗೆ ಕಂಡರೆ ಜನ ಮೂಗು ಮುಚ್ಚಿಕೊಂಡು ಸರಿಯುತ್ತಿದ್ದರು. ಸೈಲೆನ್ಸರಿನಿಂದ ಬರುವ ನಾಕ್ಸ್‌ನ ಬಹುಪಾಲು ನೈಟ್ರಿಕ್ ಆಕ್ಸೈಡ್, ಅದಕ್ಕೆ ಬಣ್ಣವಿಲ್ಲ. ಗಾಳಿಗೆ ಬಂದ ಮೇಲೆ ಅದು ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ. ಈ ಅನಿಲ ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲವಾದ್ದರಿಂದ ಮೂಗು ಗಂಟಲುಗಳ ತೇವದಲ್ಲಿ ಸಿಕ್ಕಿಕೊಳ್ಳದೆ ನೇರ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಅಲ್ಲಿ ಉರಿಯೂತ ತಂದು ಉಬ್ಬಸದವರಿಗೆ ಉಬ್ಬಸ ಕೆರಳಿಸುತ್ತದೆ, ಸೋಂಕಿಗೆ ದಾರಿ ಮಾಡಿಕೊಡುತ್ತದೆ. ಬಿಸಿಲಿನಲ್ಲಿ ಇದೇ ನಾಕ್ಸ್ ನೆಲಮಟ್ಟದ ಓಜೋನ್ ಹುಟ್ಟಿಸುತ್ತದೆ. ಹೊಲಗದ್ದೆ, ಚರಂಡಿಗಳಿಂದ ಏಳುವ ಅಮೋನಿಯಾದೊಡನೆ ಸೇರಿ ಪಿಎಂ 2.5 ಎಂಬ ಸೂಕ್ಷ್ಮ ಕಣವೂ ಆಗುತ್ತದೆ. ಅಂದರೆ ದೂಳು ಎಂದು ನಾವು ಅಳೆಯುವುದರಲ್ಲೂ ಒಂದು ಪಾಲು ಅನಿಲವಾಗಿ ಹುಟ್ಟಿದ್ದೇ.

ಇನ್ನು ಮಸಿ. ಡೀಸೆಲ್ ಮಸಿಯ ಕಣ ಬರೀ ಇಂಗಾಲವಲ್ಲ, ಅದರ ಮೈಗೆ ಕ್ಯಾನ್ಸರ್‌ಕಾರಕ ರಾಸಾಯನಿಕಗಳು ಅಂಟಿಕೊಂಡಿರುತ್ತವೆ. ಅತಿ ಸಣ್ಣ ಕಣಗಳು ಶ್ವಾಸಕೋಶ ದಾಟಿ ರಕ್ತಕ್ಕೂ ಸೇರಬಲ್ಲವು, ಹಾಗಾಗಿ ಹೃದಯಕ್ಕೂ ತೊಂದರೆ. 1988ರಲ್ಲಿ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂದಿದ್ದ ಡೀಸೆಲ್ ಹೊಗೆಯನ್ನು 2012ರಲ್ಲಿ ತಂಬಾಕು, ಕಲ್ನಾರಿನ ಸಾಲಿಗೆ ಏರಿಸಿದ್ದರ ಹಿಂದೆ ಅಮೆರಿಕದ ಎಂಟು ಗಣಿಗಳ 12,315 ಕಾರ್ಮಿಕರ ಅಧ್ಯಯನವಿತ್ತು. ಸುರಂಗದಲ್ಲಿ ಡೀಸೆಲ್ ಯಂತ್ರಗಳ ನಡುವೆ ದುಡಿದವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಸಾವು ಹೆಚ್ಚಿತ್ತು. ಆ ಅಧ್ಯಯನ ಪ್ರಕಟವಾಗದಂತೆ ಗಣಿ ಉದ್ಯಮ ವರ್ಷಗಟ್ಟಲೆ ಕೋರ್ಟಿನಲ್ಲಿ ಹೋರಾಡಿತ್ತು.

ಹಾಗಾದರೆ ಮೋಸದ ಸಾಫ್ಟ್‌ವೇರಿಗೆ ಸತ್ತವರು ಯಾರು? ಹೆಸರು ಹಿಡಿದು ಹೇಳಲಾಗದು. ಈ ಅಪರಾಧಕ್ಕೆ ಅದೇ ದೊಡ್ಡ ಆಸರೆ. ಗಾಳಿಯಲ್ಲಿ ಬೆರೆತ ಮೇಲೆ ಯಾವ ಕಾರಿನ ಹೊಗೆ ಯಾರ ಎದೆಗೆ ಹೋಯಿತು ಎಂಬುದಕ್ಕೆ ಸಾಕ್ಷಿ ಇರುವುದಿಲ್ಲ. ಒಟ್ಟಾರೆ ಲೆಕ್ಕ ಮಾತ್ರ ಸಾಧ್ಯ. 2017ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಭಾರತವೂ ಸೇರಿ 11 ಪ್ರಮುಖ ವಾಹನ ಮಾರುಕಟ್ಟೆಗಳನ್ನು ನೋಡಿತು. ಡೀಸೆಲ್ ವಾಹನಗಳು ಪ್ರಮಾಣಪತ್ರದ ಮಿತಿಗಿಂತ ಹೆಚ್ಚಾಗಿ ಉಗುಳಿದ ನಾಕ್ಸ್‌ನಿಂದ 2015ರೊಂದರಲ್ಲೇ ಸುಮಾರು 38,000 ಅಕಾಲಿಕ ಸಾವು ಸಂಭವಿಸಿವೆ ಎಂದು ಅಂದಾಜು ಮಾಡಿತು. ಇದು ಯಾವುದೋ ಒಂದು ಕಂಪನಿಯ ಲೆಕ್ಕವಲ್ಲ. ಹೆಚ್ಚಿನ ಪಾಲು ಲಾರಿ, ಬಸ್ಸುಗಳದು. ಅವುಗಳಲ್ಲಿ ಎಲ್ಲವೂ ಕಾನೂನು ಮುರಿದವಲ್ಲ ಎಂಬುದು ಇನ್ನೂ ಕಸಿವಿಸಿಯ ಸಂಗತಿ. ಪರೀಕ್ಷೆಯ ಕೋಣೆಯಲ್ಲಿ ಪಾಸಾದರೆ ಸಾಕು ಎಂಬ ನಿಯಮವೇ ರಸ್ತೆಯಲ್ಲಿ ಬೇಕಾದ್ದು ಉಗುಳಲು ಪರವಾನಗಿ ಕೊಟ್ಟಿತ್ತು.

ಇನ್ನೊಂದು ಅಧ್ಯಯನದ ಜಾಡೇ ಬೇರೆ. ಡಯೇನ್ ಅಲೆಕ್ಸಾಂಡರ್ ಮತ್ತು ಹಾನ್ನೆಸ್ ಶ್ವಾಂಟ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಜಿಲ್ಲೆಗಳಲ್ಲಿ ಈ ಮೋಸದ ಕಾರುಗಳು ಎಲ್ಲಿ ಹೆಚ್ಚು ಮಾರಾಟವಾದವು ಎಂದು ನೋಡಿದರು. ಜನ ಅವನ್ನು ಶುದ್ಧ ಕಾರುಗಳೆಂದೇ ನಂಬಿ ಕೊಂಡಿದ್ದರು, ಉಳ್ಳವರ ಊರುಗಳಲ್ಲೂ ಕೊಂಡಿದ್ದರು. ಅಂಥ ಕಾರು ಹೆಚ್ಚಿದಲ್ಲೆಲ್ಲ ಗಾಳಿ ಕೆಟ್ಟಿತ್ತು, ಕಡಿಮೆ ತೂಕದ ಶಿಶುಗಳ ಜನನ ಹೆಚ್ಚಿತ್ತು, ಉಬ್ಬಸ ಉಲ್ಬಣಿಸಿ ಆಸ್ಪತ್ರೆಗೆ ಬರುವ ಮಕ್ಕಳೂ ಹೆಚ್ಚಿದ್ದರು.

ಆದರೂ ವಾಯುಮಾಲಿನ್ಯದ ಸಾವಾಗಿ ದಾಖಲೆಗೆ ಸೇರಿದ ಒಂದು ಹೆಸರು ಇದೆ. ಲಂಡನ್ನಿನ ಲೂಯಿಶಮ್‌ನಲ್ಲಿ, ವಾಹನ ದಟ್ಟಣೆಯ ಸೌತ್ ಸರ್ಕ್ಯುಲರ್ ರಸ್ತೆಯ ಸಮೀಪದಲ್ಲೇ ಬೆಳೆದ ಎಲಾ ಅಡೂ-ಕಿಸಿ-ಡೆಬ್ರಾ ಎಂಬ ಬಾಲಕಿ ತೀವ್ರ ಉಬ್ಬಸದಿಂದ 2013ರ ಫೆಬ್ರುವರಿಯಲ್ಲಿ ತೀರಿಕೊಂಡಳು. ವಯಸ್ಸು ಒಂಬತ್ತು. ಅವಳ ತಾಯಿ ಬಿಡದೆ ಹೋರಾಡಿದರು. 2020ರ ಡಿಸೆಂಬರಿನಲ್ಲಿ ಮರುವಿಚಾರಣೆ ನಡೆಸಿದ ಅಧಿಕಾರಿ, ಸಾವಿನ ಕಾರಣಗಳಲ್ಲಿ ವಾಯುಮಾಲಿನ್ಯವೂ ಒಂದು ಎಂದು ದಾಖಲಿಸಿದರು. ನೈಟ್ರೋಜನ್ ಡೈಆಕ್ಸೈಡ್ ಮಿತಿ ಮೀರಿತ್ತು, ಅದರ ಅಪಾಯವನ್ನು ತಾಯಿಗೆ ಯಾರೂ ತಿಳಿಸಿರಲಿಲ್ಲ ಎಂದೂ ಹೇಳಿದರು. ಬ್ರಿಟನ್ನಿನಲ್ಲಿ ಹೀಗೆ ದಾಖಲಾದ ಮೊದಲ ಸಾವು ಅದು.

ಭಾರತದಲ್ಲಿ ಆದದ್ದು

ನಮ್ಮಲ್ಲಿ ಪೆಟ್ರೋಲ್ ಬೆಲೆ 2010ರಲ್ಲಿ ಸರ್ಕಾರದ ಹಿಡಿತದಿಂದ ಹೊರಬಂತು, ಡೀಸೆಲ್ ಬೆಲೆ 2014ರ ಅಕ್ಟೋಬರ್‌ವರೆಗೂ ಒಳಗೇ ಇತ್ತು. ರೈತರಿಗೆ, ಲಾರಿಗಳಿಗೆ ಎಂದು ಅಗ್ಗ ಮಾಡಿದ ಇಂಧನದಲ್ಲಿ ಅನುಕೂಲಸ್ಥರು ಕಾರು ಓಡಿಸಿದರು. ಆ ವರ್ಷಗಳಲ್ಲಿ ಮಾರಾಟವಾದ ಕಾರುಗಳಲ್ಲಿ ಸರಿಸುಮಾರು ಅರ್ಧ ಡೀಸೆಲ್.

ಹಗರಣ ಸಿಡಿದಾಗ ಪುಣೆಯ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಇಲ್ಲಿನ ಫೋಕ್ಸ್‌ವ್ಯಾಗನ್ ಸಮೂಹದ ಕಾರುಗಳನ್ನೂ ರಸ್ತೆಯಲ್ಲಿ ಅಳೆಯಿತು. ನಾಕ್ಸ್ ಪ್ರಮಾಣ ಆಗಿನ ಮಾಲಿನ್ಯ ನಿಯಮವಾದ ಬಿಎಸ್-4ರ ಮಿತಿಯ 1.1ರಿಂದ 2.6 ಪಟ್ಟು ಇತ್ತು. 2015ರ ಡಿಸೆಂಬರ್ 1ರಂದು ಕಂಪನಿ 3,23,700 ಕಾರುಗಳ ಸಾಫ್ಟ್‌ವೇರ್ ಬದಲಿಸುವುದಾಗಿ ಪ್ರಕಟಿಸಿತು. ಫೋಕ್ಸ್‌ವ್ಯಾಗನ್ 1,98,500, ಸ್ಕೋಡಾ 88,700, ಔಡಿ 36,500. ಆದರೆ ಇಲ್ಲಿ ಕಾನೂನು ಮುರಿದಿದ್ದೇವೆ ಎಂದು ಅದು ಒಪ್ಪಲಿಲ್ಲ. ಭಾರತದಲ್ಲಿ ರಸ್ತೆಯ ಮೇಲೆ ಅಳೆಯುವ ನಿಯಮವೇ ಇಲ್ಲ, ಇಲ್ಲದ ನಿಯಮವನ್ನು ಮುರಿಯುವುದು ಹೇಗೆ ಎಂಬುದು ವಾದ. ನಿಯಮ ಇರಲಿಲ್ಲ ಎಂಬುದು ನಿಜವೇ.

ಶಿಕ್ಷಕಿಯೊಬ್ಬರು ಮತ್ತು ಕೆಲವರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿದರು. ನ್ಯಾಯಮಂಡಳಿ ನೇಮಿಸಿದ ತಜ್ಞರ ಸಮಿತಿ ದೆಹಲಿಯೊಂದನ್ನೇ ಆಧಾರವಾಗಿಟ್ಟುಕೊಂಡು, 2016ರಲ್ಲಿ ಈ ಕಾರುಗಳು ಸುಮಾರು 48.7 ಟನ್ ನಾಕ್ಸ್ ಬಿಟ್ಟಿವೆ, ಆರೋಗ್ಯಕ್ಕಾದ ಹಾನಿ ₹171.34 ಕೋಟಿ ಎಂದಿತು. 2019ರ ಮಾರ್ಚ್ 7ರಂದು ₹500 ಕೋಟಿ ದಂಡದ ಆದೇಶ ಬಂತು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬಲವಂತದ ಕ್ರಮ ಬೇಡವೆಂದು ತಡೆ ಕೊಟ್ಟಿತು.

ಅಮೆರಿಕದ ಜೊತೆ ಹೋಲಿಸಿದರೆ ವ್ಯತ್ಯಾಸ ಮೊತ್ತದ್ದಷ್ಟೇ ಅಲ್ಲ. ಅಲ್ಲಿನ ಕಾರು ಮಾಲೀಕರಿಗೆ ಕಾರಿನ ಹಳೇ ಬೆಲೆಯ ಜೊತೆಗೆ 5,100 ಡಾಲರ್‌ನಿಂದ ಮೇಲಕ್ಕೆ ಪರಿಹಾರ ಸಿಕ್ಕಿತು. ಅದಕ್ಕಿಂತ ಮುಖ್ಯವಾಗಿ 270 ಕೋಟಿ ಡಾಲರನ್ನು ಗಾಳಿಗೆಂದೇ ಎತ್ತಿಟ್ಟರು. ಕಾರುಗಳು ಎಷ್ಟು ನಾಕ್ಸ್ ಹೆಚ್ಚುವರಿಯಾಗಿ ಬಿಟ್ಟಿದ್ದವೋ ಅಷ್ಟನ್ನು ಬೇರೆ ಕಡೆ ಇಳಿಸಬೇಕು ಎಂಬುದು ಷರತ್ತು. ರಾಜ್ಯಗಳು ಆ ಹಣದಲ್ಲಿ ಹಳೆಯ ಡೀಸೆಲ್ ಶಾಲಾ ಬಸ್ಸುಗಳನ್ನು ಬದಲಿಸಿದವು. ಕಾರು ಕೊಂಡವರಷ್ಟೇ ಅಲ್ಲದೆ ಉಸಿರಾಡಿದವರೂ ನೊಂದವರು ಎಂದು ಒಪ್ಪಿಕೊಂಡ ಏರ್ಪಾಡು ಅದು. ಇಲ್ಲಿ ಕಾರಿನವರಿಗೆ ಸರ್ವಿಸ್ ಸೆಂಟರಿನಲ್ಲಿ ಹೊಸ ಸಾಫ್ಟ್‌ವೇರ್ ಸಿಕ್ಕಿತು. ಆ ಕಾರಿನ ಹಿಂದೆ ಸಿಗ್ನಲ್‌ನಲ್ಲಿ ನಿಂತ ಸ್ಕೂಟರಿನವರಿಗೆ, ಜಂಕ್ಷನ್ನಿನಲ್ಲಿ ಇಡೀ ದಿನ ಕೈ ತೋರಿಸುವ ಟ್ರಾಫಿಕ್ ಪೊಲೀಸರಿಗೆ ಏನೂ ಸಿಗಲಿಲ್ಲ.

ವ್ಯಾನಿನೊಳಗಿನ ಕೊಳವೆ

ಒಳ್ಳೆಯದೂ ಆಗಿದೆ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ನಿಯಮ ಬಂತು. ಡೀಸೆಲ್ ಕಾರಿನ ನಾಕ್ಸ್ ಮಿತಿ ಕಿ.ಮೀ.ಗೆ 250 ಮಿಲಿಗ್ರಾಂನಿಂದ 80ಕ್ಕೆ ಇಳಿಯಿತು. ಇಷ್ಟು ಬಿಗಿ ಮಿತಿಗೆ ಸಣ್ಣ ಡೀಸೆಲ್ ಎಂಜಿನ್ ತಯಾರಿಸುವುದು ಗಿಟ್ಟದೆಂದು ಮಾರುತಿ ಸುಜುಕಿ ಡೀಸೆಲ್ ಕಾರನ್ನೇ ಕೈಬಿಟ್ಟಿತು. ಫೋಕ್ಸ್‌ವ್ಯಾಗನ್, ಸ್ಕೋಡಾ ಕೂಡ ಇಲ್ಲಿ ಪೆಟ್ರೋಲಿಗೆ ತಿರುಗಿದವು. 2023ರ ಏಪ್ರಿಲ್‌ನಿಂದ ಹೊಸ ಮಾದರಿಗಳನ್ನು ರಸ್ತೆಯಲ್ಲೂ ಅಳೆಯಬೇಕಾಗಿದೆ. ವೆಸ್ಟ್ ವರ್ಜೀನಿಯಾದ ಹುಡುಗರು ಡಿಕ್ಕಿಯಲ್ಲಿ ಹೊತ್ತು ತಿರುಗಿದ ವಿದ್ಯೆ ಈಗ ನಮ್ಮ ನಿಯಮದಲ್ಲೂ ಇದೆ.

ಆದರೆ ಅದು ಹೊಸ ಮಾದರಿ ಮಾರುಕಟ್ಟೆಗೆ ಬರುವಾಗಿನ ಮಾತು. ಕಾರು, ಲಾರಿ ನಮ್ಮ ಕೈಗೆ ಬಂದು ಹತ್ತು ಹದಿನೈದು ವರ್ಷ ಓಡುತ್ತವಲ್ಲ, ಆಗ? ಆಗ ಇರುವುದು ಹೊಗೆ ತಪಾಸಣೆ ಒಂದೇ. ಬಂಕಿನ ಬದಿಯಲ್ಲಿ ನಿಂತ ಹಳೇ ವ್ಯಾನು, ಒಳಗೊಂದು ಕಂಪ್ಯೂಟರ್, ಪ್ರಿಂಟರ್. ಹುಡುಗ ನಂಬರ್ ಪ್ಲೇಟಿನ ಫೋಟೊ ತೆಗೆಯುತ್ತಾನೆ, ಸೈಲೆನ್ಸರಿಗೆ ಕೊಳವೆ ತೂರಿಸುತ್ತಾನೆ, ಗಾಡಿ ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರ್ ಒತ್ತಲು ಹೇಳುತ್ತಾನೆ. ಡೀಸೆಲ್ ಗಾಡಿಯಾದರೆ ಯಂತ್ರ ನೋಡುವುದು ಹೊಗೆ ಎಷ್ಟು ದಟ್ಟ, ಬೆಳಕನ್ನು ಎಷ್ಟು ತಡೆಯುತ್ತದೆ ಎಂಬುದನ್ನು ಮಾತ್ರ. ಬಣ್ಣವಿಲ್ಲದ ಅನಿಲವನ್ನು ಅದು ಕಾಣುವುದೇ ಇಲ್ಲ. ನಾಕ್ಸ್ ಮಿತಿಯ ನಲವತ್ತು ಪಟ್ಟು ಉಗುಳುವ ಕಾರಿಗೂ ಹೊಗೆ ತೆಳುವಾಗಿದ್ದರೆ ಸರ್ಟಿಫಿಕೇಟು ಸಿಗುತ್ತದೆ. ಇಲ್ಲಿ ಮೋಸ ಮಾಡಲು ಸಾಫ್ಟ್‌ವೇರೂ ಬೇಡ.

ಗ್ಯಾರೇಜುಗಳಿಗೆ ಇದು ಚೆನ್ನಾಗಿ ಗೊತ್ತು. ಹೊಗೆಯನ್ನು ಎಂಜಿನ್ನಿಗೆ ತಿರುಗಿಸುವ ಇಜಿಆರ್ ವಾಲ್ವ್ ಮಸಿ ಕಟ್ಟಿ ತೊಂದರೆ ಕೊಟ್ಟರೆ ಅದರ ದಾರಿಗೆ ತಗಡು ಹಾಕಿ ಮುಚ್ಚಿಬಿಡುವುದುಂಟು. ಪಿಕಪ್ ಹೆಚ್ಚಬೇಕೆಂದು ಕಂಪ್ಯೂಟರ್ ‘ರಿಮ್ಯಾಪ್’ ಮಾಡಿಸುವವರೂ ಇದ್ದಾರೆ. ಜರ್ಮನಿಯ ಎಂಜಿನಿಯರು ಕೋಟಿ ಕಾರಿಗೆ ಮಾಡಿದ್ದನ್ನೇ ನಾವು ನಮ್ಮ ಒಂದು ಕಾರಿಗೆ, ಸ್ವಂತ ಖರ್ಚಿನಲ್ಲಿ ಮಾಡಿಸುತ್ತೇವೆ. ಆಮೇಲೆ ಊರಿನ ಗಾಳಿ ಕೆಟ್ಟಿತೆಂದು ಸರ್ಕಾರವನ್ನು ದೂರುತ್ತೇವೆ.

ಸರ್ಕಾರದ ಕಣ್ಣೂ ದೂಳಿನ ಮೇಲೇ ಇದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಇವೆ. ಅಲ್ಲಿ ಗುರಿ ಇಟ್ಟಿರುವುದು ಕಣಗಳನ್ನು ಇಳಿಸಲು. ರಸ್ತೆ ಗುಡಿಸುವ ಯಂತ್ರ, ನೀರು ಚಿಮುಕಿಸುವ ಲಾರಿ ಬಂದವು. ಅವು ಅನಿಲವನ್ನು ಗುಡಿಸಲಾರವು. ನೈಟ್ರೋಜನ್ ಡೈಆಕ್ಸೈಡ್‌ಗೆ ನಮ್ಮ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ತನ್ನ ಸಲಹೆಯನ್ನು 40ರಿಂದ 10ಕ್ಕೆ ಇಳಿಸಿತು. ನಾವು ಹಳೆಯ ಅಂಕಿಯಲ್ಲೇ ನೆಮ್ಮದಿಯಾಗಿದ್ದೇವೆ.

ಏನು ಮಾಡಬಹುದು ಎಂಬುದರಲ್ಲಿ ರಹಸ್ಯವಿಲ್ಲ. ಓಡಾಡುತ್ತಿರುವ ವಾಹನಗಳನ್ನು ಆಗಾಗ ಹಿಡಿದು, ಕಂಪನಿಗೆ ತಿಳಿಸದೆ, ರಸ್ತೆಯಲ್ಲೇ ಅಳೆಯಬೇಕು. ಫಲಿತಾಂಶವನ್ನು ಮಾದರಿಯ ಹೆಸರಿನ ಸಮೇತ ಪ್ರಕಟಿಸಬೇಕು. ಸಾಗುವ ವಾಹನದ ಹೊಗೆಯನ್ನು ರಸ್ತೆ ಬದಿಯಿಂದಲೇ ಬೆಳಕಿನ ಕಿರಣ ಹಾಯಿಸಿ ಅಳೆಯುವ ಉಪಕರಣಗಳಿವೆ, ಅವು ಸ್ಟೇರಿಂಗ್ ತಿರುಗಿತೋ ಇಲ್ಲವೋ ಎಂದು ನೋಡುವ ಸಾಫ್ಟ್‌ವೇರಿಗೆ ಸಿಕ್ಕುವುದಿಲ್ಲ. ಹೊಗೆ ತಪಾಸಣೆಗೆ ನಾಕ್ಸ್ ಸೇರಿಸಬೇಕು, ಮೊದಲು ಬಸ್ಸು ಲಾರಿಗಳಿಗೆ. ಅದಕ್ಕೆ ಕೇಂದ್ರ ಮೋಟಾರು ವಾಹನ ನಿಯಮಗಳು ಬದಲಾಗಬೇಕು, ಆ ಒತ್ತಡ ರಾಜ್ಯಗಳಿಂದಲೇ ಹೋಗಬೇಕು. ವ್ಯಾನಿನ ಹುಡುಗ ಕೊಡುವ ಚೀಟಿಯಲ್ಲಿ ಇವತ್ತು ನಾಕ್ಸ್ ಎಂಬ ಸಾಲಿಲ್ಲ. ಆ ಸಾಲು ಬರುವ ತನಕ ಆ ಚೀಟಿ ನಮ್ಮನ್ನು ಟ್ರಾಫಿಕ್ ದಂಡದಿಂದ ಕಾಪಾಡುತ್ತದೆ, ಹೊಗೆಯಿಂದಲ್ಲ.